ಕಟ್ಟೆಯಿಲ್ಲದ ಅಂಗಡಿಯೂ ಕಾನೂನಿನ ಗಡಿಯೂ

ಸುಗಟೂರು ಸೀಮೆಯೆಂದು ಹಿಂದೆ ಖ್ಯಾತವಾಗಿದ್ದ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ನಾಡಿನಲ್ಲಿ, ಮಾವಿನ ಫಸಲು ಬಂದೊಡನೆ ಉಪ್ಪಿನಕಾಯಿ ಹಾಕಿ ಭರಣಿ ತುಂಬುವ ಗೃಹಿಣಿಯೊಬ್ಬಳು ಅದನ್ನೇ ಜೀವನೋಪಾಯವನ್ನಾಗಿ ಮಾಡಿಕೊಳ್ಳಬಯಸಿದಳೆಂದರೆ, ಪೇಟೆಯಲ್ಲಿ ಮಳಿಗೆ ಹಿಡಿಯುವುದಕ್ಕಿಂತ ಆನ್‌ಲೈನ್ ಅಂಗಡಿ ತೆರೆಯುವುದೇ ಲೇಸೆಂದು ಬಂಧುಮಿತ್ರರು ಉಪದೇಶಿಸುವುದು ಈಗಿನ ವಾಡಿಕೆ. ಬಾಡಿಗೆಯಿಲ್ಲ, ಅಡ್ವಾನ್ಸ್ ಇಲ್ಲ, ಕಾನೂನಿನ ಕಾಟವಿಲ್ಲ ಎಂಬ ಅವರ ವಾದದಲ್ಲಿ ಮೊದಲ ಎರಡು ಮಾತುಗಳು ದಿಟ, ಮೂರನೆಯದು ಭ್ರಮೆ.

ಮಳಿಗೆಯ ಕಾನೂನು ಹಳೆಯದು, ಬಲ್ಲವರೂ ಹಲವರು. ನಗರಸಭೆಯ ಅಥವಾ ಗ್ರಾಮ ಪಂಚಾಯಿತಿಯ ಪರವಾನಗಿ, 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮದ ನೋಂದಣಿ, ವರುಷ ಮೀರಿದರೆ ಕರಾರನ್ನು ನೋಂದಾಯಿಸಬೇಕಾದೀತೆಂದು ಮಾಲೀಕರು ಬರೆಸುವ ಹನ್ನೊಂದು ತಿಂಗಳ ಪತ್ರ—ಇಷ್ಟೇ. ಆದರೆ 14 ಚದರ ಮೀಟರಿಗಿಂತ ದೊಡ್ಡ ಮಳಿಗೆಗೆ 1999ರ ಕರ್ನಾಟಕ ಬಾಡಿಗೆ ಅಧಿನಿಯಮದ ರಕ್ಷಣೆಯಿಲ್ಲವೆಂಬುದನ್ನೂ, ಬೇರೆ ಒಪ್ಪಂದವಿಲ್ಲದ ತಿಂಗಳ ಬಾಡಿಗೆದಾರನನ್ನು 15 ದಿನಗಳ ನೋಟೀಸಿನಿಂದ ತೆರವುಗೊಳಿಸುವಂತೆ ಕೇಳಬಹುದೆಂಬುದನ್ನೂ ಮುಂಗಡ ಕೊಡುವ ಮೊದಲೇ ತಿಳಿದಿರಬೇಕು.

ಆನ್‌ಲೈನ್ ಅಂಗಡಿಯ ತೊಡಕಾದರೋ, ನಮ್ಮಂಥ ಗಡಿನಾಡಿಗರಿಗೆ, ಗಡಿಯಲ್ಲಿಯೇ ಇದೆ. ಕರ್ನಾಟಕದಲ್ಲಿ ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರುವ ತನಕ ಜಿಎಸ್‌ಟಿ ನೋಂದಣಿ ಸಾಮಾನ್ಯವಾಗಿ ಕಡ್ಡಾಯವಲ್ಲ. ಆದರೆ ತೆರಿಗೆಗೊಳಪಟ್ಟ ಸರಕನ್ನು ಹೊರರಾಜ್ಯಕ್ಕೆ ಕಳುಹಿಸುವವರಿಗೆ, ಕೆಲವು ಕರಕುಶಲ ವಸ್ತುಗಳನ್ನು ಬಿಟ್ಟರೆ, 2017ರ ಅಧಿನಿಯಮದ 24ನೆಯ ಪ್ರಕರಣವು ಈ ಮಿತಿಯ ಆಶ್ರಯವನ್ನು ಕೊಡುವುದಿಲ್ಲ. ಆದುದರಿಂದ ಮುಳಬಾಗಿಲಿನ ಗೃಹಿಣಿಯು ರಾಜ್ಯದ ಉತ್ತರದ ತುದಿಯ ಬೀದರಿಗೆ ಉಪ್ಪಿನಕಾಯಿಯ ಪಾರ್ಸೆಲನ್ನು ನಿಶ್ಚಿಂತೆಯಿಂದ ಕಳುಹಿಸಬಹುದಾದರೂ, ಗಡಿಯ ನಂಗಲಿ ದಾಟಿದರೆ ಸಿಗುವ ಆಂಧ್ರದ ಪಲಮನೇರಿಗೆ ಒಂದೇ ಒಂದು ಬಾಟಲಿಯನ್ನು ಕಳುಹಿಸಬೇಕಾದರೂ ನೋಂದಣಿ ಬೇಕು. ಅದೇ ಪಲಮನೇರಿನವನು ಮುಳಬಾಗಿಲಿಗೆ ಬಂದು, ಬಿಲ್ಲಿನಲ್ಲಿ ತನ್ನೂರ ವಿಳಾಸ ಬರೆಸದೆ, ಅಂಗಡಿಯಲ್ಲಿಯೇ ಕೊಂಡು ಕೈಚೀಲಕ್ಕೆ ಹಾಕಿಕೊಂಡನಾದರೆ ಅದು ರಾಜ್ಯದೊಳಗಿನ ಮಾರಾಟ! ಇನ್ನೂ ವಿಚಿತ್ರವೆಂದರೆ, ತಾಜಾ ಮಾವಿನ ಹಣ್ಣಿಗೆ ತೆರಿಗೆಯೇ ಇಲ್ಲದಿರುವುದರಿಂದ, ಹಣ್ಣನ್ನು ಮಾತ್ರ ಮಾರುವ ಶ್ರೀನಿವಾಸಪುರದ ತೋಟಗಾರನು ಯಾವ ರಾಜ್ಯಕ್ಕೆ ಪೆಟ್ಟಿಗೆ ಕಳುಹಿಸಿದರೂ ನೋಂದಣಿಯ ಹಂಗಿಲ್ಲ.

ದೊಡ್ಡ ಆನ್‌ಲೈನ್ ಮಾರುಕಟ್ಟೆಗಳ ಮೂಲಕ ಸರಕು ಮಾರುವವರಿಗೆ ಹಿಂದೆ ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕಿತ್ತು. 2023ರ ಅಕ್ಟೋಬರ್ 1ರಿಂದ, ಮಿತಿಯೊಳಗಿನ ವ್ಯಾಪಾರಿಯು ರಾಜ್ಯದೊಳಗೆ ಮಾತ್ರ ಮಾರುವುದಾದರೆ, ಜಿಎಸ್‌ಟಿ ಪೋರ್ಟಲಿನಲ್ಲಿ ಪ್ಯಾನ್ ಮತ್ತು ವಿಳಾಸವನ್ನು ಸಲ್ಲಿಸಿ ದಾಖಲಾತಿ ಸಂಖ್ಯೆಯನ್ನು ಪಡೆದರೆ ಸಾಕು. ಲೆಕ್ಕ ಬರೆಯದಿದ್ದರೆ ಯಾರಿಗೆ ಗೊತ್ತಾದೀತೆಂಬ ಧೈರ್ಯವಂತೂ ಇನ್ನು ಸಲ್ಲದು. 2025ರ ಜುಲೈ ತಿಂಗಳಲ್ಲಿ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆಯ ನೋಟೀಸುಗಳು ಬಂದದ್ದು ಯುಪಿಐ ಜಮೆಗಳ ಆಧಾರದಿಂದಲೇ.

ಗ್ರಾಹಕನ ಹಕ್ಕಿನ ಮಾತಿಗೆ ಬಂದರೆ, 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರಾಟಗಾರರು ಕುಂದುಕೊರತೆ ಅಧಿಕಾರಿಯೊಬ್ಬರನ್ನು ನೇಮಿಸಿ, ದೂರು ತಲಪಿದ 48 ಗಂಟೆಗಳಲ್ಲಿ ಸ್ವೀಕೃತಿಯನ್ನೂ ಒಂದು ತಿಂಗಳಲ್ಲಿ ಪರಿಹಾರವನ್ನೂ ಕೊಡಬೇಕು. ಒಬ್ಬಳೇ ನಡೆಸುವ ಅಂಗಡಿಯಲ್ಲಿ ಆ ಅಧಿಕಾರಿಣಿಯೂ ಆಕೆಯೇ ಎಂಬುದು ನಗೆ ತರಿಸಿದರೂ, ಹೆಸರು ಮತ್ತು ಸಂಪರ್ಕ ವಿವರಗಳನ್ನು ಪ್ರಕಟಿಸಲೇಬೇಕು. ದೋಷಯುಕ್ತವಾದ ಅಥವಾ ವರ್ಣಿಸಿದಂತಿಲ್ಲದ ಸರಕನ್ನು ಹಿಂದಕ್ಕೆ ಪಡೆಯಲು ನಿರಾಕರಿಸುವಂತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ 34ನೆಯ ಪ್ರಕರಣದಂತೆ ಕೊಂಡವನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಒಡೆದ ಬಾಟಲಿಯೊಂದಕ್ಕಾಗಿ ಬೀದರಿನ ಆಯೋಗದಿಂದ ನೋಟೀಸು ಬರುವ ಸಂಭವವನ್ನು ಲಾಭನಷ್ಟದ ಲೆಕ್ಕದಲ್ಲಿ ಸೇರಿಸಿಕೊಳ್ಳುವುದು ವಿವೇಕ. ಪ್ಯಾಕ್ ಮಾಡುವಾಗ ತೆಗೆದ ಚಿತ್ರ ಮತ್ತು ಕೊರಿಯರ್ ರಶೀದಿಗಳು ಆಗ ಬಾಯಿಮಾತಿಗಿಂತ ಹೆಚ್ಚು ಬೆಲೆಬಾಳುತ್ತವೆ.

ತಿನಿಸಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿಯು ಮನೆಯಲ್ಲಿ ಮಾಡಿದರೂ ಅನಿವಾರ್ಯ. ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಕರ ವಿಳಾಸಗಳು ಪೊಟ್ಟಣದ ಮೇಲಷ್ಟೇ ಅಲ್ಲ, ಕೊಳ್ಳುವವನ ಪರದೆಯ ಮೇಲೂ ಕಾಣಬೇಕು.

ನನ್ನ ಮತದಲ್ಲಿ, ತೆರಿಗೆಯ ಸರಕನ್ನು ಮಾರುವ ಹೊಸಬರು ಮೊದಲು ರಾಜ್ಯದೊಳಗಿನ ಪಿನ್‌ಕೋಡ್‌ಗಳಿಗೆ ಮಾತ್ರ ಆರ್ಡರ್ ತೆಗೆದುಕೊಂಡು, ವ್ಯಾಪಾರ ಕುದುರಿದ ಬಳಿಕ ನೋಂದಾಯಿಸಿಕೊಂಡು ಗಡಿ ದಾಟುವುದು ಕ್ಷೇಮ. ಮೊಕದ್ದಮೆಯೇ ಎದುರಾದರೆ, ಮಹಿಳೆಯರಿಗೆ ಆದಾಯವೆಷ್ಟೇ ಇರಲಿ 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಡಿ ಉಚಿತ ನೆರವು ದೊರೆಯುತ್ತದೆ. ಕೋಲಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು, ಅಥವಾ 15100ಕ್ಕೆ ಕರೆಮಾಡಬಹುದು.