ಬಿಜಾರ್ ರತ್ನಗಂಬಳಿ: ಮಗುಚಿ ನೋಡಿ, ಮಡಚಬೇಡಿ

ಪಶ್ಚಿಮ ಇರಾನಿನ ಕುರ್ದಿಸ್ತಾನ್ ಪ್ರಾಂತ್ಯದ ಬಿಜಾರ್ ಪಟ್ಟಣ ಮತ್ತು ಸುತ್ತಲಿನ ಹಳ್ಳಿಗಳ ರತ್ನಗಂಬಳಿಗೆ ವ್ಯಾಪಾರಿಗಳ ಬಾಯಲ್ಲಿ 'ಕಬ್ಬಿಣದ ಕಂಬಳಿ' ಎಂಬ ಹೆಸರಿದೆ. ಗಂಟುಗಳ ಒಂದು ಸಾಲು ಮುಗಿದೊಡನೆ ನೇಕಾರರು ಒದ್ದೆ ಮಾಡಿದ ಹೊಕ್ಕುದಾರ ತೂರಿಸಿ, ಭಾರದ ಕಬ್ಬಿಣದ ಹಣಿಗೆಯಿಂದ ಬಡಿದು ಕೂರಿಸುತ್ತಾರೆ. ಹಾಗಾಗಿ ಕಂಬಳಿ ಹಲಗೆಯಂತೆ ಸೆಟೆದು ನಿಲ್ಲುತ್ತದೆ, ದಶಕಗಳ ತುಳಿತಕ್ಕೂ ಜಗ್ಗುವುದಿಲ್ಲ.

ಕೊಳ್ಳುವಾಗ

1. ಮಗುಚಿ ನೋಡಿ: ಕೈನೇಯ್ಗೆಯಾದರೆ ಚಿತ್ತಾರ ಹಿಂಬದಿಯಲ್ಲೂ ಸ್ಪಷ್ಟವಾಗಿರುತ್ತದೆ, ಸಾಲುಗಳು ಅಲ್ಲಲ್ಲಿ ತುಸು ಓರೆಯಾಗಿರುತ್ತವೆ. ಹಿಂಬದಿಗೆ ಬಟ್ಟೆ ಅಂಟಿಸಿದ್ದರೆ ಅನುಮಾನಪಡಿ.

2. ಕುಚ್ಚು ಪರೀಕ್ಷಿಸಿ: ಹಾಸುದಾರದ ತುದಿಗಳೇ ಕುಚ್ಚಾಗಿರಬೇಕು. ಬೇರೆಯಾಗಿ ಹೊಲಿದಿದ್ದರೆ ಕಾರಣ ಕೇಳಿ.

3. ಎಳೆ ಬಿಡಿಸಿ ನೋಡಿ: ಉಣ್ಣೆಯ ಎಳೆ ಎರಡು ಹಾಸುದಾರಗಳನ್ನು ಸುತ್ತಿ, ತುದಿಗಳೆರಡೂ ನಡುವಿನಿಂದ ಮೇಲೆ ಬಂದಿರಬೇಕು. ಇದು ಬಿಜಾರಿನ ಗಂಟು. ಇಲ್ಲಿ ಒಂದು ಹಾಸುದಾರ ಇನ್ನೊಂದರ ಹಿಂದೆ ಅಡಗುವುದರಿಂದ ಹಿಂಬದಿಯಲ್ಲಿ ಗಂಟಿಗೊಂದೇ ಉಬ್ಬು ಕಾಣುತ್ತದೆ.

4. ಗಂಟು ಎಣಿಸಿ: ಹಿಂಬದಿಯಲ್ಲಿ 1 ಸೆಂ.ಮೀ. ಅಡ್ಡಕ್ಕೂ ಉದ್ದಕ್ಕೂ ಎಣಿಸಿ ಗುಣಿಸಿ. 5ಕ್ಕೆ 5 ಬಂದರೆ ಚದರ ಮೀಟರಿಗೆ 2.5 ಲಕ್ಷ ಗಂಟು. ಆದರೆ ಸಂಖ್ಯೆಗೆ ಮಾತ್ರ ಮರುಳಾಗಬೇಡಿ. ನಾಯಿನ್, ಇಸ್ಫಹಾನ್ ಕಂಬಳಿಗಳ ನೇಯ್ಗೆ ಇದಕ್ಕಿಂತ ನಯ. ಬಿಜಾರಿನ ಗಟ್ಟಿತನ ಇರುವುದು ಬಡಿದು ಕೂರಿಸಿದ ಹೊಕ್ಕಿನಲ್ಲಿ.

5. ಬಣ್ಣ ಒರೆಸಿ: ಒದ್ದೆ ಬಿಳಿ ಬಟ್ಟೆಗೆ ಬಣ್ಣ ಹತ್ತಬಾರದು. ಒಂದೇ ಬಣ್ಣದಲ್ಲಿ ಪಟ್ಟಿಪಟ್ಟಿಯಾಗಿ ಛಾಯೆ ಬದಲಾಗಿದ್ದರೆ ಅದು ದೋಷವಲ್ಲ. ಬೇರೆ ಬೇರೆ ಸಲ ಅದ್ದಿದ ನೂಲಿನ ಗುರುತು.

ಮನೆಗೆ ತಂದ ಮೇಲೆ

6. ಹಾಸುವಾಗ: ಜಾರದಂತೆ ಅಡಿಹಾಸು ಹಾಕಿ. ಬಿಸಿಲು, ಓಡಾಟ ಒಂದೇ ಕಡೆ ಬೀಳದಂತೆ ವರ್ಷಕ್ಕೊಮ್ಮೆಯಾದರೂ ದಿಕ್ಕು ತಿರುಗಿಸಿ.

7. ಗುಡಿಸುವಾಗ: ವ್ಯಾಕ್ಯೂಮ್ ಕ್ಲೀನರಿನ ತಿರುಗುವ ಬ್ರಷ್ ಬೇಡ. ಎಳೆ ಮಲಗಿದ ದಿಕ್ಕಿಗೇ ಎಳೆಯಿರಿ, ಕುಚ್ಚಿನ ಮೇಲೆ ಹಾಯಿಸಬೇಡಿ.

8. ಕಾಫಿ ಚೆಲ್ಲಿದರೆ: ಉಜ್ಜದೆ ಬಿಳಿ ಹತ್ತಿಬಟ್ಟೆ ಒತ್ತಿ ಹೀರಿಸಿ. ನಂತರ ತಣ್ಣೀರು ಸವರಿ ಮತ್ತೆ ಒತ್ತಿ. ಬಿಸಿನೀರು, ಬ್ಲೀಚ್ ಮುಟ್ಟಿಸಬೇಡಿ.

9. ಎತ್ತಿಡುವಾಗ: ಬಿಜಾರನ್ನು ಎಂದೂ ಮಡಚಬೇಡಿ, ಬಿಗಿ ನೇಯ್ಗೆಯ ದಾರ ಮಡಿಕೆಯಲ್ಲಿ ತುಂಡಾಗುತ್ತದೆ. ಶುಚಿ ಮಾಡಿ, ಪೂರ್ತಿ ಒಣಗಿಸಿ, ಸಡಿಲವಾಗಿ ಸುರುಳಿ ಸುತ್ತಿ ಹತ್ತಿಬಟ್ಟೆ ಹೊದಿಸಿ. ನಮ್ಮ ಮಳೆಗಾಲದಲ್ಲಿ ಪ್ಲಾಸ್ಟಿಕ್ ಸುತ್ತಿದರೆ ಒಳಗೇ ಬೂಷ್ಟು ಹಿಡಿಯುತ್ತದೆ. ಆಗಾಗ ಬಿಚ್ಚಿ ಗಾಳಿಗೆ ಹರಡಿ, ನುಸಿ ಬಿದ್ದಿದೆಯೇ ನೋಡಿ.

10. ಅಂಚು ಬಿಟ್ಟುಕೊಂಡರೆ: ಕತ್ತರಿ ಹಾಕಬೇಡಿ. ಕಂಬಳಿ ರಿಪೇರಿ ಬಲ್ಲವರಿಂದ ಕೂಡಲೇ ಹೊಲಿಸಿ. ತಡಮಾಡಿದಷ್ಟೂ ಗಂಟುಗಳ ಸಾಲು ಕಳಚುತ್ತದೆ, ಖರ್ಚೂ ಏರುತ್ತದೆ.