ಮೈನಸ್ 80ರಿಂದ ಮೈನಸ್ 70ಕ್ಕೆ: ಹತ್ತು ಡಿಗ್ರಿ ಬದಲಿಸೋದು ಯಾಕಿಷ್ಟು ಕಷ್ಟ?

ಇವತ್ತು ಒಂದು ಫ್ರೀಜರ್ ಕಥೆ. ಫ್ರೀಜರ್ ಅಂದ್ರೆ ಮನೇಲಿ ಬಟಾಣಿ, ಐಸ್‌ಕ್ರೀಮ್ ಇಡೋದಲ್ಲ. ಜೀವವಿಜ್ಞಾನದ ಲ್ಯಾಬ್‌ಗಳಲ್ಲಿ ಬೀರುವಿನಷ್ಟು ಎತ್ತರದ, ಹಗಲೂ ರಾತ್ರಿ ಗುಂಯ್ ಅನ್ನೋ ಮೈನಸ್ 80 ಡಿಗ್ರಿ ಸೆಲ್ಸಿಯಸ್ ಫ್ರೀಜರ್. ಆರ್‌ಎನ್‌ಎ, ಪ್ರೋಟೀನು, ರಕ್ತದ ಮಾದರಿ, ಬ್ಯಾಕ್ಟೀರಿಯಾ ಎಲ್ಲ ಅದರೊಳಗಿರುತ್ತೆ.

ಇಂಥ ಹಳೆಯ ಫ್ರೀಜರ್ ಒಂದು ದಿನಕ್ಕೆ ಸುಮಾರು 20 ಯೂನಿಟ್ ಕರೆಂಟ್ ತಿನ್ನುತ್ತೆ, ಅಂದ್ರೆ ತಿಂಗಳಿಗೆ 600 ಯೂನಿಟ್. ನಮ್ಮೂರಲ್ಲಿ ಗೃಹಜ್ಯೋತಿ ಯೋಜನೆಯಲ್ಲಿ ಒಂದು ಮನೆಗೆ ಉಚಿತವಾಗಿ ಸಿಗೋ ಮಿತಿ ತಿಂಗಳಿಗೆ 200 ಯೂನಿಟ್. ಅಂದ್ರೆ ಒಂದು ಫ್ರೀಜರ್ ಆ ಮಿತಿಯ ಮೂರು ಪಟ್ಟು! ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಇಂಥವು ನೂರಾರು ಇರುತ್ತವೆ.

ಇದನ್ನ ಮೈನಸ್ 70ಕ್ಕೆ ಏರಿಸಿದರೆ ಏನಾಗುತ್ತೆ? ಒಂದು ಸಣ್ಣ ಲೆಕ್ಕ ಮಾಡೋಣ. ಕೋಣೆ 20 ಡಿಗ್ರಿಯಲ್ಲಿದೆ ಅಂದುಕೊಳ್ಳಿ. ಒಳಗೂ ಹೊರಗೂ ಇರೋ ಅಂತರ 100 ಡಿಗ್ರಿಯಿಂದ 90ಕ್ಕೆ ಇಳಿಯುತ್ತೆ, ಹಾಗಾಗಿ ಒಳಗೆ ನುಸುಳೋ ಶಾಖ ಶೇಕಡ 10ರಷ್ಟು ಕಡಿಮೆ. ಆದರೆ ಲಾಭ ಅಷ್ಟಕ್ಕೇ ನಿಲ್ಲೋದಿಲ್ಲ. ಆ ಶಾಖವನ್ನು ಹೊರಗೆ ದಬ್ಬೋ ಕೆಲಸವೂ ಹಗುರಾಗುತ್ತೆ. ಆಳದ ಬಾವಿಯಿಂದ ನೀರು ಸೇದೋದಕ್ಕಿಂತ ಮೇಲಿನ ಬಾವಿಯಿಂದ ಸೇದೋದು ಸುಲಭ ಅಲ್ವಾ, ಹಾಗೆ. ಇಲ್ಲಿ ಕೊಡಗಳೂ ಕಡಿಮೆ, ಬಾವಿಯ ಆಳವೂ ಕಡಿಮೆ. ಎರಡನ್ನೂ ಗುಣಿಸಿದರೆ, ಕಾರ್ನೋ ಸೂತ್ರದ ಆದರ್ಶ ಯಂತ್ರದಲ್ಲೇ ಶೇಕಡ 23ರಷ್ಟು ಉಳಿತಾಯ. ನಿಜವಾದ ಫ್ರೀಜರ್‌ಗಳಿಗೆ ಮೀಟರ್ ಹಾಕಿ ನೋಡಿದವರು ಸಾಮಾನ್ಯವಾಗಿ ಹೇಳೋದು ಶೇಕಡ 30ರ ಆಸುಪಾಸು.

ಮಾದರಿಗಳು ಕೆಡೋದಿಲ್ವಾ? ನೀರಿನ ಅಣುಗಳು ಗಾಜಿನ ಹಾಗೆ ಪೂರ್ತಿ ಸ್ತಬ್ಧವಾಗೋದು ಮೈನಸ್ 135ರ ಹತ್ತಿರ. ಅದಕ್ಕೇ ಜೀವಂತ ಕೋಶಗಳನ್ನು ವರ್ಷಗಟ್ಟಲೆ ಇಡೋಕೆ ದ್ರವ ಸಾರಜನಕ ಬೇಕು. ಮೈನಸ್ 80 ಮತ್ತು ಮೈನಸ್ 70ರ ನಡುವೆ ಅಂಥ ಗಡಿ ಯಾವುದೂ ಇಲ್ಲ. ಹಳೇ ಪ್ರಯೋಗ ಕೈಪಿಡಿಗಳನ್ನು ತೆರೆದು ನೋಡಿ, ಎಷ್ಟೋ ಕಡೆ ‘ಮೈನಸ್ 70ರಲ್ಲಿಡಿ’ ಅಂತಲೇ ಇರುತ್ತೆ. ತೀರಾ ಸೂಕ್ಷ್ಮವಾದ ಮಾದರಿಗಳನ್ನು ಮೊದಲು ಪರೀಕ್ಷಿಸಿ ನೋಡಬೇಕು, ನಿಜ. ಆದರೆ ಬಹುಪಾಲಿಗೆ 80 ಅನ್ನೋದು ರೂಢಿ, ಅಷ್ಟೆ.

ಹಾಗಿದ್ರೆ ಬಟನ್ ಒತ್ತಿದರೆ ಮುಗೀತಲ್ಲ? ನಾನೂ ಹಾಗೇ ಅಂದುಕೊಂಡಿದ್ದೆ. ಬ್ರಿಟನ್ನಿನ ಒಂದು ಲ್ಯಾಬ್‌ನಲ್ಲಿ ಪ್ರತಿ ಫ್ರೀಜರ್ ಮೇಲೆ ಚೆಂದದ ಚೀಟಿ ಅಂಟಿಸಿದೆ: ‘ದಯವಿಟ್ಟು ಮೈನಸ್ 70ಕ್ಕೆ ಬದಲಿಸಿ’. ಎಲ್ಲರೂ ಓದಿದರು, ಒಳ್ಳೇ ವಿಚಾರ ಅಂದರು. ಒಬ್ಬರೂ ಬದಲಿಸಲಿಲ್ಲ.

ನಿಜ ಹೇಳಬೇಕು ಅಂದ್ರೆ, ನನ್ನ ಫ್ರೀಜರನ್ನ ನಾನೇ ಬದಲಿಸಿರಲಿಲ್ಲ. ಪಿಎಚ್‌ಡಿ ಕಾಲದಲ್ಲಿ ಒಂದು ವಾರಾಂತ್ಯ ಕಂಪ್ರೆಸರ್ ಕೆಟ್ಟು, ಸೋಮವಾರ ಬಾಗಿಲು ತೆಗೆದಾಗ ನನ್ನ ಮಾದರಿಗಳೆಲ್ಲ ನೀರಾಗಿದ್ದವು. ಅಲಾರಂ ಹೊಡೆದಿತ್ತಂತೆ, ಖಾಲಿ ಕಾರಿಡಾರಿನಲ್ಲಿ. ಆ ಭಯ ಚೀಟಿಯಿಂದ ಹೋಗೋದಲ್ಲ. ಮೈನಸ್ 70ರಲ್ಲಿದ್ದರೆ ಕೆಟ್ಟಾಗ ಓಡಿ ಬರೋಕೆ ಸಮಯ ಇನ್ನೂ ಸ್ವಲ್ಪ ಕಡಿಮೆ ಸಿಗುತ್ತೆ ಅನ್ನೋದೂ ಸುಳ್ಳಲ್ಲ.

ಇಲ್ಲೇ ನಮ್ಮ ಇವತ್ತಿನ ವಿಷಯ ಬರೋದು: ಸ್ಟ್ರಾಟೆಜಿಕ್ ಡಿಸೈನ್. ಕನ್ನಡದಲ್ಲಿ ವ್ಯೂಹಾತ್ಮಕ ವಿನ್ಯಾಸ ಅನ್ನಬಹುದು. ಕುರ್ಚಿ, ಫೋನು ವಿನ್ಯಾಸ ಮಾಡೋ ಹಾಗೆ, ಜನ ನಿರ್ಧಾರ ತಗೊಳ್ಳೋ ವ್ಯವಸ್ಥೆಯನ್ನೇ ವಿನ್ಯಾಸ ಮಾಡೋದು. ಫಿನ್ಲೆಂಡಿನ ಸಿತ್ರಾ ಸಂಸ್ಥೆಯ ವಿನ್ಯಾಸ ತಂಡದಲ್ಲಿದ್ದ ಡಾನ್ ಹಿಲ್ 2012ರ ತಮ್ಮ ಪುಸ್ತಕದಲ್ಲಿ ಭೌತವಿಜ್ಞಾನದಿಂದ ಒಂದು ಪದವನ್ನು ಎರವಲು ಪಡೆದರು: ಡಾರ್ಕ್ ಮ್ಯಾಟರ್. ಗೆಲಾಕ್ಸಿಗಳಲ್ಲಿ ಕಪ್ಪುದ್ರವ್ಯ ಕಣ್ಣಿಗೆ ಕಾಣೋದಿಲ್ಲ, ಆದರೆ ನಕ್ಷತ್ರಗಳ ಓಟ ಅದರ ಹಿಡಿತದಲ್ಲಿರುತ್ತೆ. ಸಂಸ್ಥೆಗಳಲ್ಲೂ ಹಾಗೇ. ಕಾಣೋದು ಫ್ರೀಜರ್. ಕಾಣದೇ ಇರೋದು ಬಜೆಟ್ಟು, ನಿಯಮ, ರೂಢಿ, ಭಯ.

ನಮ್ಮ ಲ್ಯಾಬಿನ ಕಪ್ಪುದ್ರವ್ಯ ಏನು ಅಂತ ಹುಡುಕಿದಾಗ ನಾಲ್ಕು ಸಿಕ್ಕವು. ಒಂದು, ಕರೆಂಟ್ ಬಿಲ್ ಕಟ್ಟೋದು ವಿಶ್ವವಿದ್ಯಾಲಯ, ಲ್ಯಾಬ್ ಅಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಇಲ್ಲಿ ಹಾಸಿಗೆ ಎಷ್ಟುದ್ದ ಅಂತಲೇ ಯಾರಿಗೂ ಗೊತ್ತಿಲ್ಲ. ಎರಡು, ಫ್ರೀಜರ್ ಎಲ್ಲರದು, ಅಂದ್ರೆ ಯಾರದೂ ಅಲ್ಲ. ಯಾವಾಗಲೋ ಬಿಟ್ಟುಹೋದ ವಿದ್ಯಾರ್ಥಿಯ ಡಬ್ಬಿಗಳು ಹಿಮ ಹಿಡಿದು ಕೂತಿರುತ್ತವೆ, ಎಸೆಯೋಕೆ ಧೈರ್ಯ ಇಲ್ಲ. ಮೂರು, ಹೊಸ ಯಂತ್ರದ ಸೆಟ್ಟಿಂಗ್ 80 ಅಂತ ಇದ್ದರೆ ಅದು ಹಾಗೇ ಉಳಿಯುತ್ತೆ. ನಾಲ್ಕು, ಮಾದರಿ ಕೆಟ್ಟರೆ ಬದಲಿಸಿದವರ ತಲೆಮೇಲೆ ಬರುತ್ತೆ. ಕರೆಂಟ್ ಉಳಿದರೆ ಬೆನ್ನು ತಟ್ಟೋರು ಯಾರೂ ಇಲ್ಲ.

ಈ ನಾಲ್ಕಕ್ಕೂ ಚೀಟಿ ಉತ್ತರ ಅಲ್ಲ. ನಾವು ಚೀಟಿ ಕಿತ್ತು, ಬೇರೆ ದಾರಿ ಹಿಡಿದೆವು. ಮೊದಲು ಭಯಕ್ಕೆ ಮದ್ದು: ಅಲಾರಂ ಹೊಡೆದರೆ ಫೋನಿಗೆ ಬರಬೇಕು, ಒಂದು ಫ್ರೀಜರ್ ಸದಾ ಖಾಲಿ ಇರಬೇಕು, ಹಿಮ ಕೆರೆಯೋಕೆ, ಫಿಲ್ಟರ್ ತೊಳೆಯೋಕೆ ದಿನ ಗೊತ್ತಾಗಿರಬೇಕು. ಆಮೇಲೆ ಎಲ್ಲ ಮಾದರಿಗಳ ಪಟ್ಟಿ. ಹೊಸ ಫ್ರೀಜರ್ ಬಂದರೆ ಮೊದಲ ದಿನವೇ ಮೈನಸ್ 70. 80 ಬೇಕು ಅನ್ನೋರು ಕಾರಣ ಬರೆದು ಕೊಡಬೇಕು. ನಿರ್ಬಂಧ ಇಲ್ಲ, ಆದರೆ ಸುಲಭದ ದಾರಿ ಯಾವುದು ಅನ್ನೋದು ಅದಲುಬದಲಾಯ್ತು. ಕೊನೆಗೆ ನನ್ನದನ್ನೂ ಬದಲಿಸಿದೆ. ಆ ರಾತ್ರಿ ನಿದ್ದೆ ಅಷ್ಟಕ್ಕಷ್ಟೆ! ಆದರೆ ಆ ಹಳೇ ಸೋಮವಾರದ ತಪ್ಪು ತಾಪಮಾನದ್ದಲ್ಲ, ಯಾರಿಗೂ ಕೇಳಿಸದ ಅಲಾರಂನದು ಅಂತ ಅರ್ಥವಾಗಿತ್ತು.

ಒಂದು ಲ್ಯಾಬ್ ಬದಲಾದರೆ ಸಾಲದು ತಾನೆ? ಅದಕ್ಕೆ ಮೇಲಿನ ಹಂತದ ವಿನ್ಯಾಸ ಬೇಕು. ಲಂಡನ್ನಿನ ಯುಸಿಎಲ್ ವಿಶ್ವವಿದ್ಯಾಲಯದಲ್ಲಿ 2018ರಲ್ಲಿ ಶುರುವಾದ ‘ಲೀಫ್’ ಅನ್ನೋ ಚೌಕಟ್ಟು ಲ್ಯಾಬ್‌ಗಳಿಗೆ ಕಂಚು, ಬೆಳ್ಳಿ, ಚಿನ್ನ ಅಂತ ದರ್ಜೆ ಕೊಡುತ್ತೆ. ಅದರ ಜಾಣತನ ನೋಡಿ: ಕರೆಂಟು, ಕಸದ ಜೊತೆಗೆ ಸಂಶೋಧನೆಯ ಗುಣಮಟ್ಟವನ್ನೂ ಅದು ಕೇಳುತ್ತೆ. ಮಾದರಿಗಳ ಪಟ್ಟಿ ಇದ್ದರೆ ಬಾಗಿಲು ತೆರೆದು ಹುಡುಕೋ ಹೊತ್ತು ಕಡಿಮೆ, ಪ್ರಯೋಗವೂ ಚೊಕ್ಕ. 2024ರಲ್ಲಿ ಬ್ರಿಟನ್ನಿನ ಸಂಶೋಧನಾ ವಲಯ ಪರಿಸರ ಸುಸ್ಥಿರತೆಯ ಒಡಂಬಡಿಕೆಯೊಂದನ್ನು ಮಾಡಿಕೊಂಡಿತು. ವೆಲ್‌ಕಮ್‌ನಂಥ ಅನುದಾನ ಸಂಸ್ಥೆ ಈಗ ಲ್ಯಾಬ್‌ಗಳಿಂದ ಇಂಥ ಪ್ರಮಾಣಪತ್ರ ಕೇಳುತ್ತಿದೆ. ದುಡ್ಡು ಕೊಡೋರು ಕೇಳಿದಾಗ ಕಪ್ಪುದ್ರವ್ಯವೂ ಅಲುಗುತ್ತೆ.

ಒಂದು ಎಚ್ಚರಿಕೆಯನ್ನೂ ಹೇಳಿಬಿಡ್ತೀನಿ. ಕಂಚಿನ ಫಲಕ ಗೋಡೆಗೆ ಬಂದ ಮೇಲೆ ಫ್ರೀಜರ್ ಮತ್ತೆ 80ಕ್ಕೆ ಇಳಿಯಬಹುದು. ಹಾಗೇ, ಉಳಿಸಿದ ಕರೆಂಟಿನ ಖುಷಿಯಲ್ಲಿ ಇನ್ನೊಂದು ಫ್ರೀಜರ್ ಕೊಂಡರೆ ಲೆಕ್ಕ ಅಲ್ಲಿಗಲ್ಲಿಗೆ. ಅದಕ್ಕೇ ವರ್ಷಕ್ಕೊಮ್ಮೆ ಮೀಟರ್ ನೋಡೋದೂ ವಿನ್ಯಾಸದ ಭಾಗವೇ.

ನಿಮ್ಮ ಕಚೇರಿ, ಆಸ್ಪತ್ರೆ, ಅಪಾರ್ಟ್‌ಮೆಂಟ್ ಸಂಘದಲ್ಲಿ ‘ದಯವಿಟ್ಟು’ ಅಂತ ಶುರುವಾಗೋ ಚೀಟಿ ಎಲ್ಲಿದೆ ನೋಡಿ. ಅದನ್ನು ಯಾಕೆ ಯಾರೂ ಪಾಲಿಸ್ತಿಲ್ಲ ಅಂತ ಬೈಯೋ ಮೊದಲು, ಬಿಲ್ ಯಾರು ಕಟ್ತಾರೆ, ಭಯ ಯಾರಿಗಿದೆ, ಮೊದಲಿಂದ ಏನು ಸೆಟ್ ಆಗಿದೆ ಅಂತ ಕೇಳಿ. ಸಿಕ್ಕಿದ್ದನ್ನ ನಮಗೂ ಬರೆದು ತಿಳಿಸಿ.