ನೀಲಿ ಗಿಡ ಮತ್ತು ನಮ್ಮ ಅಡ್ಡಹೆಸರು



ನನ್ನ ಅಡ್ಡಹೆಸರು ನೀಲಗಾರ. ನಮ್ಮ ವರ್ಗದಲ್ಲಿ ಬಡಿಗೇರ ಇದ್ದಾನೆ, ಕುಂಬಾರ ಇದ್ದಾಳೆ, ಹೂಗಾರ ಇದ್ದಾಳೆ. ಅವರ ಹೆಸರಿನ ಅರ್ಥ ಕೇಳುವುದೇ ಬೇಡ. ಆದರೆ ಹೋದ ವರ್ಷ ಒಬ್ಬ ಹುಡುಗ, "ನೀಲಗಾರ ಅಂದ್ರ ಏನು?" ಎಂದು ಕೇಳಿದಾಗ ನನಗೆ ಹೇಳಲು ಬರಲಿಲ್ಲ. ಮನೆಗೆ ಹೋಗಿ ನಮ್ಮ ಆಯಿಯನ್ನು ಕೇಳಿದೆ. ಆಯಿ ಹೇಳಿದಳು: "ನೂಲಿಗೆ ನೀಲಿ ಬಣ್ಣ ಹಾಕೂ ಮಂದಿ ಯವ್ವಾ ನಾವು. ನಮ್ಮಪ್ಪನ ಕೈ ಮೊಣಕೈ ತನಕ ನೀಲಿ ಇರತಿತ್ತು. ಎಷ್ಟ ತಿಕ್ಕಿದ್ರೂ ಹೋಗತಿದ್ದಿಲ್ಲ."

ಈ ವರ್ಷ ಗುರುಗಳ ಸಹಾಯದಿಂದ ನಾವು ಶಾಲೆಯ ತೋಟದಲ್ಲಿ ನೀಲಿ ಗಿಡ ಬೆಳೆಸಿ ಬಣ್ಣ ತೆಗೆದೆವು. ಅದರಲ್ಲಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ನೀಲಿ ಗಿಡ ಎಂದರೇನು?

ನೀಲಿ ಗಿಡವು ತೊಗರಿ, ಹೆಸರು, ಶೇಂಗಾಗಳ ಜಾತಿಗೆ ಸೇರಿದ ದ್ವಿದಳ ಸಸ್ಯ. ಇದರ ವೈಜ್ಞಾನಿಕ ಹೆಸರು ಇಂಡಿಗೋಫೆರಾ ಟಿಂಕ್ಟೋರಿಯಾ. ಮೂರರಿಂದ ಆರು ಅಡಿ ಎತ್ತರ ಬೆಳೆಯುತ್ತದೆ. ಕರಿಬೇವಿನ ಹಾಗೆ ಒಂದು ಕಡ್ಡಿಗೆ ಎರಡೂ ಬದಿ ಸಣ್ಣ ಸಣ್ಣ ಎಲೆ. ಹೂವು ಗುಲಾಬಿ ಬಣ್ಣ. ಇದರ ಬೇರಿನಲ್ಲಿ ಗಂಟುಗಳಿದ್ದು ಅವು ಗಾಳಿಯ ಸಾರಜನಕವನ್ನು ಹಿಡಿದು ಭೂಮಿಗೆ ಕೊಡುತ್ತವೆ. ಆದ್ದರಿಂದ ಹೊಲಕ್ಕೂ ಒಳ್ಳೆಯದು.

ಈ ಗಿಡ ನೋಡಿದರೆ ಎಲ್ಲಿಯೂ ನೀಲಿ ಕಾಣುವುದಿಲ್ಲ. ಎಲೆ ಹಸಿರೇ ಇರುತ್ತದೆ. ಹಾಗಾದರೆ ನೀಲಿ ಎಲ್ಲಿಂದ ಬಂತು? ಇದು ಮುಂದೆ ತಿಳಿಯುತ್ತದೆ.

2. ನಾವು ಬೆಳೆದ ರೀತಿ

ಗುರುಗಳು ಒಂದು ಮುಷ್ಟಿ ಬೀಜ ತರಿಸಿಕೊಟ್ಟರು. ಮಿರಗ ಮಳೆಗೆ ಹಾಗೆಯೇ ಊರಿದೆವು. ಹದಿನೈದು ದಿನವಾದರೂ ಎರಡೇ ಮೊಳಕೆ! ಈ ಬೀಜದ ಸಿಪ್ಪೆ ಬಹಳ ಗಟ್ಟಿ, ಅದಕ್ಕೇ ನೀರು ಒಳಗೆ ಹೋಗುವುದಿಲ್ಲ ಎಂದು ಗುರುಗಳು ತಿಳಿಸಿದರು. ಉಳಿದ ಬೀಜವನ್ನು ಉಸುಕಿನಲ್ಲಿ ಹಾಕಿ ಅಂಗೈಯಿಂದ ತಿಕ್ಕಿ, ಒಂದು ರಾತ್ರಿ ನೀರಲ್ಲಿ ನೆನೆಯಿಟ್ಟು ಮತ್ತೆ ಊರಿದೆವು. ಈ ಸಲ ಚೆನ್ನಾಗಿ ಹುಟ್ಟಿದವು. ನಮ್ಮ ಎರೆ ಮಣ್ಣಿನಲ್ಲಿ ನೀರು ನಿಂತ ಕಡೆ ಕೆಲವು ಕೊಳೆತವು. ಬದುವಿನ ಮೇಲಿನವು ಬದುಕಿದವು. ಕೊನೆಗೆ ಇಪ್ಪತ್ತೆರಡು ಗಿಡ ಉಳಿದವು. ಮಳೆ ಕೈಕೊಟ್ಟಾಗ ಎರಡು ಸಲ ಮಾತ್ರ ನೀರು ಹಾಕಿದೆವು.

ಸುಮಾರು ಮೂರು ತಿಂಗಳಿಗೆ, ಹೂ ಬಿಡುವ ಹೊತ್ತಿಗೆ ಕೊಯ್ಯಬೇಕು. ಬುಡದಿಂದ ಗೇಣುದ್ದ ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತದೆ. ನಾಲ್ಕು ಗಿಡಗಳನ್ನು ಬೀಜಕ್ಕೆಂದು ಹಾಗೆಯೇ ಬಿಟ್ಟೆವು.

3. ಸೊಪ್ಪಿನಿಂದ ಬಣ್ಣ ತೆಗೆಯುವುದು

ದಾಳಿಂಬೆ ಸಿಪ್ಪೆ, ಚೆಂಡು ಹೂವು ಇವನ್ನು ಕುದಿಸಿದರೆ ಬಣ್ಣ ಬಿಡುತ್ತವೆ. ನೀಲಿ ಸೊಪ್ಪನ್ನು ಹಾಗೆ ಕುದಿಸಬಾರದು, ಕೊಳೆಯಿಸಬೇಕು. ಕ್ರಮ ಹೀಗಿದೆ:

ಅ) ಕೊಯ್ದ ಕೂಡಲೇ ಸೊಪ್ಪನ್ನು ನೀರಿನಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರಬೇಕು.
ಆ) ಹತ್ತು ಹನ್ನೆರಡು ತಾಸಿಗೆ ನೀರು ಹಳದಿ ಹಸಿರಾಗುತ್ತದೆ. ಆಗ ಸೊಪ್ಪು ಹಿಂಡಿ ತೆಗೆಯಬೇಕು.
ಇ) ಸ್ವಲ್ಪ ಸುಣ್ಣದ ತಿಳಿನೀರು ಹಾಕಿ, ನೀರನ್ನು ಚೆರಿಗೆಯಿಂದ ಎತ್ತಿ ಎತ್ತಿ ಸುರುವಬೇಕು. ಇದಕ್ಕೆ ಎರಡು ತಾಸು ಬೇಕು. ಮೊದಲು ನೊರೆ ನೀಲಿಯಾಗುತ್ತದೆ, ಆಮೇಲೆ ನೀರೆಲ್ಲ ನೀಲಿಯಾಗುತ್ತದೆ.
ಈ) ರಾತ್ರಿ ಹಾಗೆಯೇ ಬಿಟ್ಟರೆ ಬಣ್ಣ ತಳಕ್ಕೆ ಕೂಡುತ್ತದೆ. ಮೇಲಿನ ನೀರು ಬಸಿದು, ಕೆಸರನ್ನು ಅರಿವೆಯಲ್ಲಿ ಸೋಸಿ ನೆರಳಲ್ಲಿ ಒಣಗಿಸಬೇಕು.

ಕಾರಣ: ಎಲೆಯಲ್ಲಿ ಇಂಡಿಕಾನ್ ಎಂಬ ಬಣ್ಣವಿಲ್ಲದ ವಸ್ತು ಇರುತ್ತದೆ. ನೀರಲ್ಲಿ ಕೊಳೆತಾಗ ಅದು ಒಡೆಯುತ್ತದೆ. ಬಡಿಯುವಾಗ ಗಾಳಿಯ ಆಮ್ಲಜನಕ ಸೇರಿ ನೀಲಿಯಾಗುತ್ತದೆ. ಅಂದರೆ ನೀಲಿ ಆಗಬೇಕಾದರೆ ಎಲೆ, ನೀರು, ಗಾಳಿ ಮೂರೂ ಬೇಕು. ಬಡಿಯುವ ಕೈಗಳೂ ಬೇಕು.

ಮೊದಲ ಸಲ ನಾವು ಶನಿವಾರ ಸೊಪ್ಪು ಹಾಕಿ ಸೋಮವಾರ ತೆಗೆದೆವು. ದೊಡ್ಡ ನಾತ ಬಂತು, ಬಣ್ಣ ಬೂದಿಯಂತಾಯಿತು. ಅರ್ಧ ಸೊಪ್ಪು ಹಾಳಾಯಿತು. ಎರಡನೆಯ ಸಲ ಮೂರು ಕಿಲೋ ಸೊಪ್ಪಿಗೆ ಒಂದು ಅಡಿಕೆಯಷ್ಟು ಬಣ್ಣ ಸಿಕ್ಕಿತು. ಬಣ್ಣಕ್ಕೆ ಯಾಕೆ ಬೆಲೆ ಇತ್ತು ಎಂದು ಆಗ ತಿಳಿಯಿತು.

4. ಬಟ್ಟೆಗೆ ಹಾಕುವುದು

ಇದು ಆಯಿಗೆ ಗೊತ್ತಿದ್ದ ಪಾಠ. ಗಿಡ ಬೆಳೆಸುವುದು ಅವಳಿಗೆ ಗೊತ್ತಿಲ್ಲ. ಅವಳ ಅಪ್ಪ ಪ್ಯಾಟಿಯಿಂದ ನೀಲಿ ಗಟ್ಟಿ ತರುತ್ತಿದ್ದರಂತೆ. ಗಟ್ಟಿ ಬಣ್ಣ ನೀರಲ್ಲಿ ಕರಗುವುದಿಲ್ಲ, ಅದನ್ನು ಹುದುಗು ಎಬ್ಬಿಸಿ ಕರಗಿಸಬೇಕು. ಅದಕ್ಕೆ ಅವರು ನೆಲದಲ್ಲಿ ಹುಗಿದ ಹರವಿಯಲ್ಲಿ ಸುಣ್ಣ, ಸವಳು ಮಣ್ಣು, ಕುದಿಸಿದ ತಗಚಿ ಬೀಜ ಹಾಕುತ್ತಿದ್ದರು. ನಾವು ಒಂದು ಪಾಲು ಬಣ್ಣ, ಎರಡು ಪಾಲು ಸುಣ್ಣ, ಮೂರು ಪಾಲು ಬೆಲ್ಲ ಹಾಕಿ ಬೆಚ್ಚಗೆ ಇಟ್ಟೆವು. (ಸುಣ್ಣ ಕಣ್ಣಿಗೆ ಬೀಳಬಾರದು. ದೊಡ್ಡವರು ಹತ್ತಿರ ಇರಲೇಬೇಕು.) ನೀರು ಹಳದಿ ಹಸಿರಾಗಿ, ಮೇಲೆ ತಾಮ್ರದಂತೆ ಹೊಳೆಯುವ ಕೆನೆ ಬಂದಾಗ ಆಯಿ, "ಈಗ ಹರವಿ ಎದ್ದೈತಿ" ಅಂದಳು.

ಕರವಸ್ತ್ರ ಅದ್ದಿ ತೆಗೆದಾಗ ಹಸಿರಾಗಿತ್ತು. ಗಾಳಿಗೆ ಹಿಡಿದೊಡನೆ ಕಣ್ಣೆದುರಿಗೇ ನೀಲಿಯಾಯಿತು! ಒಂದು ಸಲ ಅದ್ದಿದರೆ ತಿಳಿ ನೀಲಿ. ಅದ್ದಿ, ಆರಿಸಿ, ಮತ್ತೆ ಅದ್ದಿದಷ್ಟೂ ಗಾಢವಾಗುತ್ತದೆ. ಹೀಗೆ ಬಹಳ ಸಲ ಅದ್ದಿ ಕಪ್ಪು ಮಾಡಿದ ನೂಲಿನಿಂದಲೇ ಮೊದಲು ಚಂದ್ರಕಾಳಿ ಸೀರೆ ಆಗುತ್ತಿತ್ತು. ಅದರ ಮೇಲೆ ಕಸೂತಿ ಹಾಕುತ್ತಿದ್ದರು.

5. ಇದೇ ಗಿಡ ಕಣ್ಣೀರು ತರಿಸಿದ್ದು

ಇತಿಹಾಸದಲ್ಲಿ ನಾವು ಚಂಪಾರಣ್ ಪಾಠ ಓದಿದ್ದೇವೆ. ಬಿಹಾರದ ಚಂಪಾರಣ್ಯದಲ್ಲಿ ರೈತರು ತಮ್ಮ ಭೂಮಿಯ ಇಪ್ಪತ್ತು ಪಾಲಿನಲ್ಲಿ ಮೂರು ಪಾಲು ನೀಲಿಯನ್ನೇ ಬೆಳೆಯಬೇಕು ಎಂದು ಇಂಗ್ಲಿಷ್ ತೋಟಗಾರರು ಬಲವಂತ ಮಾಡಿದ್ದರು. ಹೊಟ್ಟೆಗೆ ಬೆಳೆಯುವ ಭೂಮಿ ಬಟ್ಟೆಯ ಬಣ್ಣಕ್ಕೆ ಹೋಗುತ್ತಿತ್ತು. ಅದಕ್ಕೂ ಮೊದಲು 1859ರಲ್ಲಿ ಬಂಗಾಳದ ರೈತರು ನೀಲಿ ಬಿತ್ತುವುದಿಲ್ಲ ಎಂದು ಎದ್ದು ನಿಂತಿದ್ದರು. 1897ರಲ್ಲಿ ಜರ್ಮನಿಯ ಕಾರ್ಖಾನೆಯ ರಾಸಾಯನಿಕ ನೀಲಿ ಮಾರಾಟಕ್ಕೆ ಬಂದು ಗಿಡದ ನೀಲಿಗೆ ಬೆಲೆ ಬಿದ್ದಿತು. ನಷ್ಟವನ್ನೂ ತೋಟಗಾರರು ರೈತರ ಮೇಲೆಯೇ ಹೇರಿದರು. ರಾಜಕುಮಾರ ಶುಕ್ಲಾ ಎಂಬ ರೈತರು ಬೆನ್ನು ಬಿಡದೆ ಕರೆದದ್ದರಿಂದ 1917ರಲ್ಲಿ ಗಾಂಧೀಜಿ ಅಲ್ಲಿಗೆ ಹೋದರು. 1918ರಲ್ಲಿ ಕಾಯಿದೆಯಾಗಿ ಆ ಪದ್ಧತಿ ನಿಂತಿತು.

ಇದನ್ನು ಓದಿದ ಮೇಲೆ ನಾನು ಗುರುಗಳಿಗೆ, "ಹಂಗಾದ್ರ ಈ ಗಿಡ ಕೆಟ್ಟದ್ದೇನ್ರಿ?" ಎಂದು ಕೇಳಿದೆ. "ಗಿಡ ಕೆಟ್ಟದ್ದಲ್ಲ. ಏನು ಬಿತ್ತಬೇಕು ಅನ್ನೋದು ಯಾರ ಕೈಯಾಗ ಐತಿ ಅದನ್ನ ನೋಡು" ಎಂದರು.

6. ನಮ್ಮ ಭಾಗದಲ್ಲಿ ಮಾಡಬಹುದೆ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಲ್ಲವೂ ಮಳೆ ಕಡಿಮೆ ಇರುವ ತಾಲ್ಲೂಕುಗಳು. ಗಿಡ ಬೆಳೆಯಲು ನೀರು ಕಡಿಮೆ ಸಾಕು, ಆದರೆ ಬಣ್ಣ ತೆಗೆಯಲು ನೀರು ಬಹಳ ಬೇಕು. ಆದ್ದರಿಂದ ಜೋಳ, ತೊಗರಿ ಬಿಟ್ಟು ನೀಲಿ ಬಿತ್ತಿರಿ ಎಂದು ನಾನು ಹೇಳುವುದಿಲ್ಲ. ಬದುವಿನ ಮೇಲೆ, ಶಾಲೆಯ ತೋಟದಲ್ಲಿ ಬೆಳೆಸಬಹುದು. ಹಿಂಡಿದ ಸೊಪ್ಪು ಒಳ್ಳೆಯ ಗೊಬ್ಬರವಾಗುತ್ತದೆ. ನಮ್ಮ ಕಡೆ ದಾಳಿಂಬೆ ಬಹಳ. ಸಿಪ್ಪೆಯನ್ನು ಪಟಿಕದ ಜೊತೆ ಕುದಿಸಿದರೆ ಹಳದಿ ಬರುತ್ತದೆ. ಹಳದಿ ಬಟ್ಟೆಯನ್ನು ನೀಲಿಯಲ್ಲಿ ಅದ್ದಿದರೆ ಹಸಿರು! ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿನ ಹತ್ತಿರ ‘ಚರಕ’ ಎಂಬ ಸಹಕಾರಿ ಸಂಘ 1990ರ ದಶಕದಲ್ಲಿ ಆರಂಭವಾಯಿತು. ಹಳ್ಳಿಯ ಹೆಣ್ಣುಮಕ್ಕಳೇ ಕೂಡಿ ಕೈಮಗ್ಗದ ಬಟ್ಟೆಗೆ ಅಡಿಕೆ ಚೊಗರು, ದಾಳಿಂಬೆ ಸಿಪ್ಪೆ, ನೀಲಿ ಬಳಸಿ ಸಹಜ ಬಣ್ಣ ಹಾಕುವುದನ್ನು ಕಲಿತರು. ಒಬ್ಬರಿಂದ ಆಗದ್ದು ಕೂಡಿದರೆ ಆಗುತ್ತದೆ.

ಕೊನೆಗೆ ಒಂದು ಮಾತು. ಹರವಿಯಲ್ಲಿ ಕೈ ಹಾಕುವ ದಿನ ಒಬ್ಬ ಗೆಳತಿ ಹಿಂದೆ ಸರಿದಳು. "ಅದು ನಮ್ಮ ಮಂದಿ ಕೆಲಸ ಅಲ್ಲ ಅಂತ ನಮ್ಮವ್ವ ಅಂದಾಳ" ಎಂದಳು. ನನಗೆ ಬೇಜಾರಾಯಿತು. ಆಯಿ ಮಾತ್ರ ಸಿಟ್ಟಾಗಲಿಲ್ಲ. "ನಮ್ಮ ಮಂದೀನೂ ಹಂಗ ಮಾಡೇವಿ ತಂಗಿ. ಹೊರಗಿನವರಿಗೆ ಹರವಿ ತೋರಿಸತಿದ್ದಿಲ್ಲ. ಬಣ್ಣದ ನೂಲು ಅಗ್ಗ ಆಗಿ ನಮ್ಮ ಮನಿಯಾಗ ನಿಂತ ಮ್ಯಾಲೆ ಊರಾಗೂ ನಿಂತು ಹೋತು" ಅಂದಳು. ಆಗ ಮೊದಲು ಗುರುಗಳೇ ಕೈ ಹಾಕಿದರು, ಆಮೇಲೆ ನಾವೆಲ್ಲ. ಕೊನೆಗೆ ಆ ಗೆಳತಿಯೂ ಹಾಕಿದಳು. ಮರುದಿನ ಪ್ರಾರ್ಥನೆಯಲ್ಲಿ ಹನ್ನೊಂದು ಮಂದಿಯ ಉಗುರು ನೀಲಿ ಇದ್ದವು. ಅದರಲ್ಲಿ ನೀಲಗಾರ ನಾನೊಬ್ಬಳೇ.

ಬಿಟ್ಟ ನಾಲ್ಕು ಗಿಡಗಳ ಬೀಜ ಆರಿಸಿ ಡಬ್ಬಿಯಲ್ಲಿ ಹಾಕಿ ವಿಜ್ಞಾನದ ಕಪಾಟಿನಲ್ಲಿ ಇಟ್ಟಿದ್ದೇವೆ. ಮುಂದಿನ ವರ್ಷ ಏಳನೆಯ ಇಯತ್ತೆಗೆ ಬರುವವರು ಮಿರಗ ಮಳೆಗೆ ಬಿತ್ತಿರಿ. ಉಸುಕಿನಲ್ಲಿ ತಿಕ್ಕುವುದನ್ನು ಮರೆಯಬೇಡಿರಿ. ಹರವಿ ಎಬ್ಬಿಸುವುದನ್ನು ಕಲಿಯಬೇಕೆಂದರೆ ರವಿವಾರ ನಮ್ಮ ಮನೆಗೆ ಬರ್ರಿ, ಆಯಿ ಹೇಳಿಕೊಡುತ್ತಾಳೆ. ಯಾರು ಬೇಕಾದರೂ ಬರಬಹುದು.

ತಪ್ಪಿದ್ದರೆ ತಿದ್ದಿರಿ.

— ಏಳನೆಯ ತರಗತಿಯ ವಿದ್ಯಾರ್ಥಿನಿ